ನೀವೀಗ ಎಲ್ಲಿ ನಿಂತಿದ್ದೀರಿ?

2017ರ ಆಗಸ್ಟ್ 29, ಐದು ದಿನದ ಗಣಪತಿಗಳ ವಿಸರ್ಜನೆಯ ದಿನ. ಮಧ್ಯಾಹ್ನದ ಹೊತ್ತಿಗೆ ಹಳಿಗಳ ಮೇಲೆ ನೀರು ನಿಂತು ಮುಂಬೈಯ ಲೋಕಲ್ ರೈಲುಗಳು ಸ್ತಬ್ಧವಾಗಿದ್ದವು. ನಾನು ಉಪಸಂಪಾದಕನಾಗಿದ್ದ ಕನ್ನಡ ದಿನಪತ್ರಿಕೆಯ ಕಚೇರಿಗೆ ತಲುಪಿದವರು ಮೂವರೇ. ವರದಿಗಾರರಲ್ಲಿ ಒಬ್ಬರು ದಾದರಿನಲ್ಲೂ ಇನ್ನೊಬ್ಬರು ಮುಲುಂಡಿನಲ್ಲೂ ಸಿಕ್ಕಿಬಿದ್ದಿದ್ದರು. ಆದರೂ ಸುದ್ದಿಗೆ ಬರವಿರಲಿಲ್ಲ. ಊರಿನ ಸಂಘಗಳ, ಹೋಟೆಲ್ ಕಾರ್ಮಿಕರ, ಯಕ್ಷಗಾನ ಮಂಡಳಿಗಳ ವಾಟ್ಸ್‌ಆ್ಯಪ್ ಗುಂಪುಗಳಿಂದ ನನ್ನ ಫೋನಿಗೆ ನಿಮಿಷಕ್ಕೊಂದು ಚಿತ್ರ ಬಂದು ಬೀಳುತ್ತಿತ್ತು.

ಅವುಗಳಲ್ಲೊಂದು, ಅರ್ಧ ಮುಳುಗಿದ ಡಬಲ್ ಡೆಕ್ಕರ್ ಬಸ್ಸಿನದು. ‘ಈಗಷ್ಟೇ, ಕಲಿನಾ’ ಎಂಬ ಒಕ್ಕಣೆಯಿತ್ತು. ನಾನು ಅದನ್ನು ಮುಖಪುಟಕ್ಕೆ ಏರಿಸಿಯೇಬಿಟ್ಟಿದ್ದೆ. ಪುಟ ಕಟ್ಟುತ್ತಿದ್ದ ಹಿರಿಯರು ಚಿತ್ರವನ್ನು ಹಿಗ್ಗಿಸಿ, ಬಸ್ಸಿನ ಹಿಂದಿದ್ದ ಅಂಗಡಿಯ ಹಳದಿ ಫಲಕದ ಮೇಲೆ ಬೆರಳಿಟ್ಟರು: ಎಸ್‌ಟಿಡಿ, ಐಎಸ್‌ಡಿ, ಪಿಸಿಒ. “ಈ ಟೆಲಿಫೋನ್ ಬೂತುಗಳು ಮುಚ್ಚಿ ಎಷ್ಟು ವರ್ಷವಾಯಿತು ಮಾರಾಯ್ರೆ?” ಅದು 2005ರ ಜುಲೈ 26ರ ಚಿತ್ರ, ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿದ ದಿನದ್ದು. ನನ್ನ ಕೈ ತಣ್ಣಗಾಯಿತು.

ಅಲ್ಲಿಂದ ಮುಂದೆ, ಚಿತ್ರ ಕಳಿಸಿದ ಪ್ರತಿಯೊಬ್ಬರಿಗೂ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳತೊಡಗಿದೆ: ನೀವೀಗ ಎಲ್ಲಿ ನಿಂತಿದ್ದೀರಿ? ಬಹುತೇಕರ ಉತ್ತರ, ‘ಯಾರೋ ಕಳಿಸಿದ್ದು ಸರ್’ ಎಂಬುದಾಗಿತ್ತು. ಕುಂದಾಪುರ ಕಡೆಯ ಹುಡುಗನೊಬ್ಬ ಮಾತ್ರ, ಹೋಟೆಲಿನ ಸಪ್ಲೈಯರ್, “ಸಯನ್ ಸ್ಟೇಷನ್ ಸರ್, ಒಂದ್ ನಿಮಿಷ, ಬೋರ್ಡ್ ತೋರಿಸ್ತೆ” ಎಂದು ವಿಡಿಯೋ ಕರೆ ಮಾಡಿ ಫೋನನ್ನು ತಿರುಗಿಸಿದ. ಮಳೆಯ ತೆರೆಯಾಚೆ ‘ಶೀವ’ ಎಂಬ, ಸಯನ್ನಿನ ಮರಾಠಿ ಹೆಸರಿನ ಅಕ್ಷರಗಳು ಕಂಡವು. ಹಳಿ ಕಾಣುತ್ತಿರಲಿಲ್ಲ. ನೀರು ಪ್ಲಾಟ್‌ಫಾರಂನ ಅಂಚಿಗೆ ಎಷ್ಟು ಹತ್ತಿರವಿದೆಯೆಂದು ಕೇಳಿದಾಗ ಅವನು ಬಗ್ಗಿ, ಕೈಯಿಂದ ಅಳೆದು, ಮೂರು ಗೇಣು ಎಂದ. ಗಂಟೆ ಕಳೆದ ಮೇಲೆ ನಾನು ಕೇಳದೆಯೇ ಮತ್ತೆ ಅಳೆದು ತಿಳಿಸಿದ. ಟಿವಿ ವಾಹಿನಿಗಳು ಆಗಲೂ ಮಧ್ಯಾಹ್ನದ ದೃಶ್ಯಗಳನ್ನೇ ತಿರುಗಿಸಿ ಮುರುಗಿಸಿ ತೋರಿಸುತ್ತಿದ್ದವು. ನಮ್ಮಲ್ಲಿ ಸಂಬಳ ಪಡೆಯುವ ಯಾರೂ ಅಂದು ಅಷ್ಟು ನಿಖರವಾದ ವರದಿ ಕೊಡಲಿಲ್ಲವೆಂಬುದನ್ನು ನಾನು ಒಪ್ಪಿಕೊಳ್ಳಲೇಬೇಕು.

ಮೊಬೈಲ್ ಬಂದು ಸುದ್ದಿಯನ್ನು ಕೆಡಿಸಿತು ಎಂದು ನಮ್ಮ ವೃತ್ತಿಯವರು ಹೇಳುವುದುಂಟು, ನನಗದು ಒಪ್ಪಿಗೆಯಿಲ್ಲ. 2005ರ ಆ ಮಳೆಯಲ್ಲಿ ಫೋನುಗಳು ಸತ್ತುಹೋಗಿದ್ದಾಗಲೇ, ಅಣೆಕಟ್ಟು ಒಡೆಯಿತೆಂಬ ಬಾಯಿಮಾತಿನ ವದಂತಿಯಿಂದ ಜುಹೂವಿನ ನೆಹರೂ ನಗರದಲ್ಲಿ ಕಾಲ್ತುಳಿತವಾಗಿ ಹಲವರು ಸತ್ತರು. ಅಂದು ಸುಳ್ಳನ್ನು ತಡೆಯಲು ‘ನಾನು ಇಲ್ಲೇ ನಿಂತಿದ್ದೇನೆ, ಅಂಥದ್ದೇನೂ ಆಗಿಲ್ಲ’ ಎಂದು ತೋರಿಸಬಲ್ಲವರು ಯಾರೂ ಇರಲಿಲ್ಲ. 2017ರಲ್ಲಿ ಇದ್ದರು. ಸಿಕ್ಕಿಬಿದ್ದವರಿಗಾಗಿ ತಮ್ಮ ಮನೆಯ ಬಾಗಿಲು ತೆರೆದಿದೆಯೆಂದು ಅಪರಿಚಿತರು ಟ್ವಿಟರ್‌ನಲ್ಲಿ ಬರೆಯುತ್ತಿದ್ದರು. ಗುರುದ್ವಾರಗಳಲ್ಲಿ ಊಟ ಸಿಗುತ್ತದೆಂಬ ಸುದ್ದಿಯೂ ಹಾಗೆಯೇ ಹರಡಿತು.

ರಾತ್ರಿ ಸಯನ್ನಿನ ಚಿತ್ರವೇ ಮುಖಪುಟಕ್ಕೆ ಹೋಯಿತು. ಕೆಳಗೆ ನಿನ್ನ ಹೆಸರು ಹಾಕುತ್ತೇನೆಂದಾಗ ಆ ಹುಡುಗ ಗಾಬರಿಯಾದ. “ಬೇಡ ಸರ್, ಕೆಲಸದ ಹೊತ್ತಿಗೆ ಫೋನ್ ಹಿಡ್ಕೊಂಡು ನಿಂತಿದ್ದ ಅಂತ ಧಣಿಗಳು ಬಯ್ತಾರೆ.” ಮಳೆಯಲ್ಲಿ ಬಗ್ಗಿ ನೀರು ಅಳೆದವನ ಚಿತ್ರದಡಿ ಮರುದಿನ ಅಚ್ಚಾದದ್ದು, ‘ಓದುಗರು ಕಳಿಸಿದ ಚಿತ್ರ’ ಎಂಬ ಮೂರು ಪದ ಮಾತ್ರ.