ಪದ್ಮಿನಿಯ ಕಟಕಟ

ಮಾಟುಂಗಾ, ಮುಂಬೈ
ಭಾನುವಾರ, 9 ನವೆಂಬರ್ 2025

ಸದ್ದು ನಿಂತಿತು! ಮಳೆಗಾಲ ಮುಗಿದಾಗಿನಿಂದ ತಲೆ ತಿನ್ನುತ್ತಿದ್ದ ಕಟಕಟ ಇವತ್ತು ಮಧ್ಯಾಹ್ನದಿಂದ ಇಲ್ಲ. ಸೋಪು ಹಾಕಿ ತೊಳೆದರೂ ಕೈಗೆ ಪೆಟ್ರೋಲ್ ವಾಸನೆ ಅಂಟಿಕೊಂಡೇ ಇದೆ. ಮರೆತು ಹೋಗುವ ಮೊದಲು ಎಲ್ಲ ಬರೆದಿಡುತ್ತೇನೆ. ಈ ಗಾಡಿ ಇಟ್ಟುಕೊಂಡ ಯಾರಿಗಾದರೂ ಮುಂದೆ ಬೇಕಾಗಬಹುದು.

ಗಾಡಿ ಅಪ್ಪನದು, 1978ರ ಪ್ರೀಮಿಯರ್ ಪದ್ಮಿನಿ. ಹುಟ್ಟಿದ್ದು ಇಲ್ಲೇ ಕುರ್ಲಾದ ಕಾರ್ಖಾನೆಯಲ್ಲಿ. ಆ ಜಾಗದಲ್ಲಿ ಈಗ ದೊಡ್ಡ ದೊಡ್ಡ ಕಟ್ಟಡ ಎದ್ದಿವೆ. ಇಂಜಿನ್ ಮೂಲದಲ್ಲಿ ಫಿಯೆಟ್ 1100ರದ್ದು. 1089 ಸಿಸಿ, ನಾಲ್ಕು ಸಿಲಿಂಡರ್. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಏನಾದರೂ ಕೆಟ್ಟರೆ ಅದು ಹೇಳುವುದು ಸದ್ದಿನಲ್ಲಿ, ವಾಸನೆಯಲ್ಲಿ, ಹೊಗೆಯಲ್ಲಿ ಮಾತ್ರ.

ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಏನೂ ಇಲ್ಲ. ಸಾಯನ್ ದಾಟಿ ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಸಿಗ್ನಲ್‌ನಲ್ಲಿ ನಿಂತರೆ ಶುರು. ಸ್ಟೀಲ್ ತಟ್ಟೆಗೆ ಚಮಚ ಬಡಿದ ಹಾಗೆ, ಸಣ್ಣದು, ಗಟ್ಟಿ, ಒಂದೇ ತಾಳದಲ್ಲಿ. ಆಕ್ಸಿಲರೇಟರ್ ಒತ್ತಿದರೆ ತಾಳವೂ ಜೋರಾಗುತ್ತದೆ. ಗಾಡಿ ಎಳೆಯುವುದರಲ್ಲಿ ಕೊರತೆ ಇಲ್ಲ. ಹೊಗೆ ಇಲ್ಲ. ಆಯಿಲ್ ದೀಪವೂ ಹೊತ್ತಿಲ್ಲ.

ಒಂದು ಗ್ಯಾರೇಜಿಗೆ ಒಯ್ದೆ. ಬಾನೆಟ್ ಎತ್ತಿ ಅರ್ಧ ನಿಮಿಷ ಕೇಳಿದವರು, "ಬೇರಿಂಗ್ ಹೋಗಿದೆ, ಇಂಜಿನ್ ಇಳಿಸಬೇಕು" ಅಂದರು. ನನಗೆ ಒಪ್ಪಿಗೆಯಾಗಲಿಲ್ಲ. ಬಿಗ್ ಎಂಡ್ ಬೇರಿಂಗ್ (ಪಿಸ್ಟನ್ನಿನ ಕನೆಕ್ಟಿಂಗ್ ರಾಡಿನ ಕೆಳತುದಿಯದು) ಹೋದರೆ ಸದ್ದು ದಪ್ಪಗೆ, ಕೆಳಗಿನಿಂದ ಬರುತ್ತದೆ. ಏರು ಹತ್ತುವಾಗ, ಇಂಜಿನ್ ಮೇಲೆ ಭಾರ ಬಿದ್ದಾಗ ಜಾಸ್ತಿಯಾಗುತ್ತದೆ. ನಮ್ಮದು ಫ್ಲೈಓವರ್ ಹತ್ತುವಾಗ ಒಂದಿಷ್ಟೂ ಬದಲಾಗುತ್ತಿರಲಿಲ್ಲ. ನಲವತ್ತು ವರ್ಷ ದಾಟಿದ ಇಂಜಿನನ್ನು ಸುಮ್ನೆ ಬಿಚ್ಚಿದರೆ, ಮತ್ತೆ ಕೂಡಿಸುವಾಗ ಹೊಸ ತೊಂದರೆಗಳು ಹುಟ್ಟಿಕೊಳ್ಳುತ್ತವೆ. ಎಲ್ಲಿ ಬಡಿಯುತ್ತಿದೆ ಎಂದು ತಿಳಿಯದೆ ಬಿಚ್ಚುವುದಕ್ಕೆ ನಾನು ಬಿಡುವುದಿಲ್ಲ.

ಪದ್ಮಿನಿ ಟ್ಯಾಕ್ಸಿಗಳಿದ್ದ ಕಾಲದಲ್ಲಿ ಈ ಪರದಾಟ ಇರಲಿಲ್ಲ. ಯಾವ ಗಲ್ಲಿಗೆ ಹೋದರೂ ಪದ್ಮಿನಿಯ ನಾಡಿ ಬಲ್ಲ ಒಬ್ಬ ಮಿಸ್ತ್ರಿ ಸಿಗುತ್ತಿದ್ದರು. 2023ರ ಅಕ್ಟೋಬರ್ 30ರಿಂದ ಕಾಲಿ-ಪೀಲಿ, ಅಂದರೆ ಕಪ್ಪು-ಹಳದಿ ಟ್ಯಾಕ್ಸಿ ಪದ್ಮಿನಿ ಮುಂಬೈ ರಸ್ತೆಯಲ್ಲಿ ಇಲ್ಲ. ಟ್ಯಾಕ್ಸಿಗೆ ಇಪ್ಪತ್ತು ವರ್ಷದ ಮಿತಿ, ಕೊನೆಯದು ನೋಂದಣಿಯಾದದ್ದು 2003ರಲ್ಲಿ. ಗಾಡಿಗಳ ಜೊತೆ ಆ ಕಿವಿಗಳೂ ಹೋದವು. ನನಗೆ ಇದು ನಿಜವಾಗಿ ಸಂಕಟ ಕೊಡುವ ವಿಷಯ.

ಒಂದು ಕಿವಿ ಮಾತ್ರ ನನಗೆ ಉಳಿದಿದೆ. ವಿಜಯಪುರ ಕಡೆಯ ಮಿಸ್ತ್ರಿ ಕಾಕಾ. ವಯಸ್ಸಿನಲ್ಲಿ ಇಡೀ ದಿನ ಟ್ಯಾಕ್ಸಿಗಳ ಕೆಳಗೇ ಮಲಗಿ ಕೆಲಸ ಮಾಡಿದವರು. ಈಗ ಗ್ಯಾರೇಜ್ ಇಲ್ಲ, ಧಾರಾವಿಯಲ್ಲಿ ಮಗನ ಮನೆಯಲ್ಲಿದ್ದಾರೆ. ನಿನ್ನೆ ಬೆಳಿಗ್ಗೆ ಕರೆದುಕೊಂಡು ಬಂದೆ. ಬಂದವರೇ ಹೇಳಿದ್ದು: "ತಂಗಿ, ಸಪ್ಪಳ ಎಲ್ಲಿಂದ ಬರ್ತದ ಅಂತ ತಿಳಿಯೂ ತನಕ ಪಾನಾ ಹಿಡೀಬ್ಯಾಡ."

ಮೊದಲು ಫ್ಯಾನ್ ಬೆಲ್ಟ್ ತೆಗೆದು ಸ್ವಲ್ಪ ಹೊತ್ತು ಮಾತ್ರ ಓಡಿಸಿದೆವು. ಬೆಲ್ಟ್ ಇಲ್ಲದಿದ್ದರೆ ವಾಟರ್ ಪಂಪ್, ಫ್ಯಾನ್, ಡೈನಮೋ ಮೂರೂ ನಿಲ್ಲುತ್ತವೆ. ಸದ್ದು ಹಾಗೇ ಇತ್ತು. ಅಲ್ಲಿಗೆ ಆ ಮೂರೂ ಪಾರು. ಆಮೇಲೆ ಕಾಕಾ ರಬ್ಬರ್ ಹಿಡಿಯ ಇಕ್ಕಳದಿಂದ ಒಂದೊಂದೇ ಪ್ಲಗ್ ವೈರ್ ಎಳೆದರು. ಆ ಸಿಲಿಂಡರ್ ಉರಿಯದಿದ್ದಾಗ ಅದರ ಕನೆಕ್ಟಿಂಗ್ ರಾಡ್ ಮೇಲಿನ ಏಟು ಇಳಿಯುತ್ತದೆ. ಬೇರಿಂಗ್ ಸದ್ದಾದರೆ ಅಲ್ಲೇ ಮೆತ್ತಗಾಗಬೇಕು. ನಾಲ್ಕರಲ್ಲೂ ಇಂಜಿನ್ ಕುಂಟಿತೇ ಹೊರತು ಟಕ್‌ಟಕ್‌ನಲ್ಲಿ ವ್ಯತ್ಯಾಸವೇ ಇಲ್ಲ. ಗ್ಯಾರೇಜಿನವರ ಬೇರಿಂಗ್ ಮಾತು ಅಲ್ಲಿಗೆ ಬಿದ್ದುಹೋಯಿತು.

ಉಳಿದದ್ದು ಟ್ಯಾಪೆಟ್, ಅಂದರೆ ವಾಲ್ವ್ ತಳ್ಳುವ ಭಾಗಗಳ ನಡುವಿನ ಸಡಿಲ. ಕೇಳಿದವರೆಲ್ಲ ಟ್ಯಾಪೆಟ್ ಅಂತಲೇ ಹೇಳುವ ಸದ್ದು ಅದು. ಮೇಲಿನ ಕವರ್ ಬಿಚ್ಚಿ, ಇಂಜಿನ್ ನಿಧಾನಕ್ಕೆ ಓಡುತ್ತಿರುವಾಗಲೇ ಒಂದೊಂದು ರಾಕರ್ (ವಾಲ್ವ್ ಒತ್ತುವ ತೋಳು) ಮತ್ತು ವಾಲ್ವ್ ನಡುವೆ, ಸಂದು ಅಳೆಯುವ ಫೀಲರ್ ಗೇಜಿನ ಪತ್ತಿ ತೂರಿಸಿದೆ. ಸಡಿಲ ಇದ್ದರೆ ಪತ್ತಿ ಹೋದ ಕೂಡಲೇ ಸದ್ದು ಅಡಗುತ್ತದೆ. ಎಂಟಕ್ಕೆ ಎಂಟೂ ಸರಿ. ತೋಳಿಗೆಲ್ಲ ಬಿಸಿ ಆಯಿಲ್ ಸಿಡಿಯಿತು, ಸದ್ದು ಮಾತ್ರ ಜಗ್ಗಲಿಲ್ಲ.

ಆಗ ಅಪ್ಪನ ಹಳೇ ಟೈಮಿಂಗ್ ಲೈಟ್ ನೆನಪಾಯಿತು. ಒಂದನೇ ಸಿಲಿಂಡರಿನ ಪ್ಲಗ್ ವೈರಿಗೆ ಸಿಕ್ಕಿಸಿದರೆ, ಆ ಪ್ಲಗ್ ಕಿಡಿ ಹಾರಿಸಿದಾಗೆಲ್ಲ ಲೈಟ್ ಮಿಂಚುತ್ತದೆ. ಅಂದರೆ ಇಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕ್ ಎರಡು ಸುತ್ತು ಸುತ್ತಿದರೆ ಒಂದು ಮಿಂಚು. ವಾಲ್ವ್‌ಗಳನ್ನು ತೆರೆಯುವ ಕ್ಯಾಮ್ ಶಾಫ್ಟ್ ಸುತ್ತುವುದೂ ಅದೇ ಲೆಕ್ಕದಲ್ಲಿ. ಇಂಜಿನ್ ನಿಮಿಷಕ್ಕೆ 800 ಸುತ್ತಿನಲ್ಲಿ ಓಡುತ್ತಿದ್ದರೆ ಮಿಂಚು 400. ಗೋಡೆಯ ಮೇಲೆ ಬೆಳಕು ಬಿಟ್ಟು ಕೇಳುತ್ತಾ ನಿಂತೆ. ಒಂದು ಮಿಂಚು, ಒಂದು ಟಕ್. ವೇಗ ಏರಿಸಿದರೂ ಎರಡೂ ಒಟ್ಟೊಟ್ಟಿಗೇ. ಕಾಕಾನಿಗೆ ತೋರಿಸಿದರೆ ಅವರು ಬೆಳಕು ನೋಡಲೇ ಇಲ್ಲ. ಕಣ್ಣು ಮುಚ್ಚಿ ಬೆರಳಲ್ಲಿ ಮಡ್‌ಗಾರ್ಡ್ ಮೇಲೆ ತಾಳ ಹಾಕುತ್ತಿದ್ದರು, ಆ ತಾಳವೂ ಮಿಂಚಿಗೆ ಸರಿಯಾಗಿ ಬೀಳುತ್ತಿತ್ತು!

ಅಂದರೆ ಕ್ಯಾಮ್ ಶಾಫ್ಟ್ ಒಂದು ಸುತ್ತಿಗೆ ಒಂದೇ ಸಲ ಬಡಿಯುವಂಥದ್ದು. ಕ್ಯಾಮ್ ತಿರುಗಿಸುವ ಟೈಮಿಂಗ್ ಚೈನ್ ಆಗಿದ್ದರೆ ಹೀಗೆ ಬಿಡಿಬಿಡಿಯಾಗಿ ಬಡಿಯುವುದಿಲ್ಲ, ಸರಸರ ಎಂದು ಎಳೆದಂತೆ ಕೇಳುತ್ತದೆ. ವಾಲ್ವ್‌ಗಳು ಆಗಲೇ ಪಾಸಾಗಿದ್ದವು. ಕ್ಯಾಮ್‌ನಿಂದ ಓಡುವುದು ಇನ್ನೇನಿದೆ? ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್. ಮತ್ತೆ...

"ಎಸಿ ಪಂಪ್ ನೋಡು," ಅಂದರು ಕಾಕಾ.

ಟ್ಯಾಂಕಿನಿಂದ ಕಾರ್ಬ್ಯುರೇಟರಿಗೆ ಪೆಟ್ರೋಲ್ ಎಳೆಯುವ ಪಂಪ್ ಇದು. ಇಂಜಿನ್ ಮೈಗೇ ಕೂತಿರುತ್ತದೆ. ಕ್ಯಾಮ್ ಶಾಫ್ಟ್‌ನ ಒಂದು ಉಬ್ಬು ಇದರ ಲಿವರನ್ನು ತಳ್ಳುತ್ತದೆ, ಸ್ಪ್ರಿಂಗ್ ಲಿವರನ್ನು ವಾಪಸ್ ಒತ್ತಿ ಹಿಡಿಯುತ್ತದೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಪಂಪಿಗೆ ಇಟ್ಟು ಹಿಡಿಯನ್ನು ಕಿವಿಯ ಹತ್ತಿರದ ಮೂಳೆಗೆ ಒತ್ತಿದೆ. ಟಕ್ ಸೀದಾ ತಲೆಯೊಳಗೇ ಬಡಿಯಿತು. ಮೊದಲೂ ಹೀಗೇ ಬೇರೆ ಬೇರೆ ಕಡೆ ಇಟ್ಟು ಕೇಳಿದ್ದೆ. ಆದರೆ ಬ್ಲಾಕ್ ಎರಕದ ಕಬ್ಬಿಣ, ಸದ್ದನ್ನು ಎಲ್ಲ ಕಡೆಗೂ ಸಾಗಿಸುತ್ತದೆ. ಪಂಪಿನ ಮೇಲೆ ಇಡಬೇಕು ಎಂದು ಯಾರಿಗೂ ಹೊಳೆಯುವುದಿಲ್ಲ.

ಖಚಿತ ಮಾಡಿಕೊಳ್ಳಲು ಇಂಜಿನ್ ಪೂರ್ತಿ ತಣ್ಣಗಾಗುವ ತನಕ ಕಾದೆವು. ಪೆಟ್ರೋಲ್ ಕೆಲಸ, ಅವಸರ ಕೂಡದು. ಟ್ಯಾಂಕಿನಿಂದ ಬರುವ ಪೈಪಿಗೆ ಬಿರಡೆ ಹಾಕಿ, ಪಂಪ್ ಕಳಚಿ, ಆಯಿಲ್ ಡಬ್ಬದ ತಗಡು ಕತ್ತರಿಸಿ ಆ ತೂತಿಗೆ ಮುಚ್ಚಳ ಕೂರಿಸಿದೆವು. ಬಿಸಿಯಾಗುವ ತನಕ ಓಡಬೇಕಲ್ಲ, ಅದಕ್ಕೆ ಕಾಕಾ ಕಾರ್ಬ್ಯುರೇಟರಿಗೆ ಒಂದು ಸಣ್ಣ ಬಾಟಲಿಯಿಂದ ಪೆಟ್ರೋಲ್ ಇಳಿಬಿಟ್ಟರು. ಇಂಜಿನ್ ಬಿಸಿಯಾಯಿತು, ಮುಳ್ಳು ಮಧ್ಯಕ್ಕೆ ಬಂತು. ಟಕ್ ಬರಲೇ ಇಲ್ಲ.

ಪಂಪ್ ಬಿಚ್ಚಿದಾಗ ಎಲ್ಲ ಕಣ್ಣಿಗೇ ಕಂಡಿತು. ಕ್ಯಾಮ್ ತಾಗುವ ಜಾಗದಲ್ಲಿ ಲಿವರ್ ಕನ್ನಡಿಯಂತೆ ಹೊಳೆಯುತ್ತಿತ್ತು. ಅದು ಆಡುವ ಪಿನ್ ಒಂದು ಕಡೆ ಸವೆದು ಹೋಗಿತ್ತು. ಬೆರಳಲ್ಲಿ ಹಿಡಿದು ಅಲ್ಲಾಡಿಸಿದರೆ ಲಿವರ್ ಅತ್ತ ಇತ್ತ ವಾಲುತ್ತಿತ್ತು. ಸ್ಪ್ರಿಂಗಿನಲ್ಲಿ ಜೀವವೇ ಇರಲಿಲ್ಲ. ಹೀಗಾಗಿ ಲಿವರ್ ಕ್ಯಾಮ್ ಜೊತೆ ಅಂಟಿಕೊಂಡು ಹೋಗದೆ, ಹಿಂದೆ ಉಳಿದು, ಪ್ರತಿ ಸುತ್ತಿಗೂ ಬಂದು ಬಡಿಯುತ್ತಿತ್ತು. ತಣ್ಣಗಿರುವಾಗ ದಪ್ಪ ಆಯಿಲ್ ಆ ಏಟನ್ನು ನುಂಗಿಕೊಳ್ಳುತ್ತದೆ. ಬಿಸಿಯಾಗಿ ತೆಳ್ಳಗಾದಾಗ ಸದ್ದು ಹೊರಗೆ ಬರುತ್ತದೆ.

ಸಂಜೆ ಕುರ್ಲಾದ ಸಿಎಸ್‌ಟಿ ರೋಡಿನ ಸ್ಪೇರ್ ಅಂಗಡಿಗಳನ್ನು ಸುತ್ತಿದೆ. ಹೊಸ ಪಂಪ್ ತೋರಿಸಿದರು, ಎರಕ ಒರಟಾಗಿತ್ತು, ಮನಸ್ಸು ಬರಲಿಲ್ಲ. ಒಂದು ಅಂಗಡಿಯ ಅಟ್ಟದ ಮೇಲೆ ಧೂಳು ಹಿಡಿದ ಹಳೇ ಸ್ಟಾಕಿನ ರಿಪೇರಿ ಕಿಟ್ ಸಿಕ್ಕಿತು: ಸ್ಪ್ರಿಂಗ್, ಡಯಾಫ್ರಮ್ (ಪೆಟ್ರೋಲ್ ಎಳೆಯುವ ಪೊರೆ), ಪ್ಯಾಕಿಂಗ್. ಪಿನ್ನನ್ನು ಪಕ್ಕದ ಲೇತ್‌ನಲ್ಲಿ ಮಾಡಿಸಿಕೊಂಡೆ. ಇವತ್ತು ಎಲ್ಲ ಜೋಡಿಸಿದ್ದಾಯಿತು. ಪ್ಯಾಕಿಂಗ್ ಹಳೆಯದರಷ್ಟೇ ದಪ್ಪ ಇದೆಯಾ ಎಂದು ಕಾಕಾ ಎರಡೆರಡು ಸಲ ಉಗುರಿನಲ್ಲಿ ಅಳೆದು ನೋಡಿದರು. ದಪ್ಪ ಹೆಚ್ಚುಕಡಿಮೆಯಾದರೆ ಲಿವರ್ ಕ್ಯಾಮ್‌ಗೆ ತಾಗುವ ಲೆಕ್ಕವೇ ತಪ್ಪುತ್ತದೆ. ಚೆಂಬೂರಿನ ತನಕ ಹೋಗಿ ಬಂದೆವು. ಪ್ರತಿ ಸಿಗ್ನಲ್‌ನಲ್ಲೂ ಕಿಟಕಿ ಇಳಿಸಿ ಕೇಳಿದೆವು.

ಇಂಜಿನ್ ಆಯಿಲನ್ನೂ ಬದಲಾಯಿಸಿದೆ. ಹಳೇ ಡಯಾಫ್ರಮ್ ಅಂಚಿನಲ್ಲಿ ಬಿರುಕು ಬಿಟ್ಟಿತ್ತು. ಅದು ಸೋರಿದರೆ ಪೆಟ್ರೋಲ್ ಆಯಿಲಿಗೆ ಇಳಿದು ಅದನ್ನು ತೆಳ್ಳಗೆ ಮಾಡುತ್ತದೆ. ಆಗ ಬೇರಿಂಗ್ ನಿಜವಾಗಿಯೂ ಹೋಗುತ್ತದೆ. ಆಯಿಲ್ ಅಳೆಯುವ ಕಡ್ಡಿ, ಡಿಪ್‌ಸ್ಟಿಕ್, ಮೂಸಿ ನೋಡುವುದನ್ನು ಈ ಗಾಡಿಯವರು ರೂಢಿ ಮಾಡಿಕೊಳ್ಳಲೇಬೇಕು.

ಡೊಂಬಿವಲಿಯಲ್ಲಿ ಪರಿಚಯದ ಹುಬ್ಬಳ್ಳಿಯವರ ಹತ್ತಿರವೂ ಪದ್ಮಿನಿ ಇದೆ. ಅವರಿಗೂ ಯಾರೋ ಇಂಜಿನ್ ಬಿಚ್ಚಬೇಕು ಎಂದಿದ್ದಾರಂತೆ. ರಾತ್ರಿ ಫೋನ್ ಮಾಡಿ ಕೇಳಿದೆ, ಬಿಸಿಯಾದ ಮೇಲೇ ಬರುತ್ತಾ ಅಂತ. ಹೌದಂತೆ. ಪ್ಲಗ್ ವೈರ್ ಎಳೆದು ನೋಡಿದ್ದೀರಾ ಅಂದರೆ ಇಲ್ಲವಂತೆ. ಯಾರಿಗೂ ಮುಟ್ಟಲು ಕೊಡಬೇಡಿ ಎಂದು ಹೇಳಿದ್ದೇನೆ. ಬರುವ ಭಾನುವಾರ ಕಾಕಾನನ್ನೂ ಟೈಮಿಂಗ್ ಲೈಟನ್ನೂ ಹೇರಿಕೊಂಡು ಅಲ್ಲಿಗೆ ಹೊರಡುತ್ತೇನೆ.