ತಿಂಗಳು ನೋಡಿ ಹೋಗಬೇಕಾದ ಜಾಗಗಳು: ನನ್ನ ಮಲೆನಾಡು ನಕ್ಷೆ ಎಲ್ಲಿಗೆ ಬಂತು

ಮೇ

ನಕ್ಷೆ ಕೊನೆಗೂ ಪೆನ್ಸಿಲ್ ಬಿಟ್ಟು ಶಾಯಿಗೆ ಬಂತು. ಸಾಗರ, ಹೊಸನಗರ, ತೀರ್ಥಹಳ್ಳಿ ಸುತ್ತಮುತ್ತ ಜನ ಗಾಡಿ ನಿಲ್ಲಿಸದೆ ದಾಟಿ ಹೋಗುವ ಜಾಗಗಳಿಗಾಗಿಯೇ ಮಾಡುತ್ತಿರುವ ಕೈಬರಹದ ನಕ್ಷೆ ಇದು. ಜೋಗ, ಆಗುಂಬೆ, ಸಿಗಂದೂರು ಇದರಲ್ಲಿ ಬರೀ ಊರಿನ ಹೆಸರಾಗಿ ಇರುತ್ತವೆ. ಅಲ್ಲಿಗೆ ದಾರಿ ತೋರಿಸಲು ಇನ್ನೊಂದು ನಕ್ಷೆ ಬೇಕಾಗಿಲ್ಲ.

ಆಧಾರಕ್ಕೆ ಇಟ್ಟುಕೊಂಡಿರುವುದು ಸರ್ವೆ ಆಫ್ ಇಂಡಿಯಾದ 1:50,000 ಹಾಳೆಗಳು. ಅದೇ ಅಳತೆಯಲ್ಲಿ ಬರೆದರೆ ಗೋಡೆಯೇ ಸಾಲದು. ಹಾಗಾಗಿ ಒಂದು ಕಿಲೋಮೀಟರಿಗೆ ಒಂದು ಸೆಂಟಿಮೀಟರ್ ಮಾಡಿಕೊಂಡೆ. ಟ್ರೇಸಿಂಗ್ ಪೇಪರಿನಲ್ಲಿ ಹೊಳೆಗಳನ್ನು ಮೊದಲು ಎಳೆದೆ, ಆಮೇಲೆ ಗುಡ್ಡಗಳು, ಕೊನೆಗೆ ರಸ್ತೆಗಳು. ಮಲೆನಾಡಿನಲ್ಲಿ ರಸ್ತೆ ಹೊಳೆಯ ಮಾತು ಕೇಳಿಕೊಂಡೇ ಹೋಗುತ್ತದೆ, ಅದಕ್ಕೆ ಈ ಕ್ರಮ ಸರಿಬಂತು.

ಶಾಯಿ ಹಾಕಲು ಹೊರಟ ಮೊದಲ ಗೆರೆ ಶರಾವತಿ ಹಿನ್ನೀರಿನ ಅಂಚು. ಅಲ್ಲೇ ಕೈ ನಿಂತಿತು. ಯಾವ ಅಂಚು ಬರೆಯುವುದು? ಲಿಂಗನಮಕ್ಕಿ ಪೂರ್ತಿ ತುಂಬಿದರೆ ನೀರಿನ ಮಟ್ಟ 1,819 ಅಡಿ. ಮೇ ತಿಂಗಳ ಹೊತ್ತಿಗೆ ಅದೇ ನೀರು ಎಷ್ಟೋ ದೂರ ಹಿಂದೆ ಸರಿದಿರುತ್ತದೆ. ಬಿರುಕು ಬಿಟ್ಟ ನೆಲ, ಮುಳುಗಿದ ಕಾಡಿನ ಬೊಡ್ಡೆಗಳು, ಹಳೆಯ ರಸ್ತೆಯ ತುಂಡುಗಳು ಹೊರಗೆ ಬರುತ್ತವೆ. ನೀರು ತೀರಾ ಇಳಿದ ವರ್ಷ ಹಿರೇಭಾಸ್ಕರ ಅಣೆಕಟ್ಟೂ ಕಾಣುತ್ತದೆ. ಊರವರ ಬಾಯಲ್ಲಿ ಅದು ಮಡೆನೂರು ಡ್ಯಾಂ.

ಜೋಗದಲ್ಲಿ ಕರೆಂಟು ತಯಾರಿಸಲು ನೀರು ಹಿಡಿದಿಡಬೇಕೆಂದು ಲಿಂಗನಮಕ್ಕಿಗಿಂತ ಮೊದಲೇ ಕಟ್ಟಿದ ಅಣೆಕಟ್ಟು ಅದು. ಹೆಚ್ಚಾದ ನೀರು ಸೈಫನ್‌ಗಳ ಮೂಲಕ ತಾನಾಗಿಯೇ ಹೊರಗೆ ಹೋಗುವ ಹಾಗೆ ಮಾಡಿದ್ದರು. 1964ರಲ್ಲಿ ಲಿಂಗನಮಕ್ಕಿ ಬಂತು. ಮನೆ, ಗದ್ದೆ, ತೋಟಗಳ ಜೊತೆ ಹಳೆಯ ಅಣೆಕಟ್ಟೂ ಮುಳುಗಿತು. ಒಂದು ಅಣೆಕಟ್ಟಿನ ನೀರಿನೊಳಗೆ ಇನ್ನೊಂದು ಅಣೆಕಟ್ಟು! ನೋಡಲು ಹೋಗುವವರು ಇಷ್ಟು ನೆನಪಿಟ್ಟುಕೊಳ್ಳಬೇಕು: ಇಲ್ಲಿ 'ಮುಳುಗಡೆ' ಅಂದರೆ ಮನೆ ಕಳೆದುಕೊಂಡವರ ಕಥೆ. ಆ ಕುಟುಂಬಗಳು ಈಗಲೂ ಜಿಲ್ಲೆಯ ಬೇರೆ ಬೇರೆ ಕಡೆ ಇವೆ. ಮೇಲಿನ ಮಣ್ಣು ಒಣಗಿದಂತೆ ಕಂಡರೂ ಕೆಳಗೆ ಕೆಸರು ಇರುತ್ತದೆ, ಹತ್ತಿರದ ಊರಿನವರನ್ನು ಕೇಳದೆ ಇಳಿಯಬೇಡಿ.

ಕೊನೆಗೆ ಎರಡು ಅಂಚು ಬರೆದೆ. ತುಂಬಿದ ನೀರಿಗೆ ಗಟ್ಟಿ ಗೆರೆ, ಬೇಸಿಗೆಯ ನೀರಿಗೆ ಚುಕ್ಕಿ ಗೆರೆ. ಎರಡರ ನಡುವೆ ತಿಳಿ ಕಂದು ಬಣ್ಣ.

ಜೂನ್

ಆ ಎರಡು ಗೆರೆಗಳಿಂದ ಇಡೀ ನಕ್ಷೆಯೇ ಬದಲಾಯಿತು. ಈ ಕಡೆಯ ಜಾಗಗಳಿಗೆ ಎಲ್ಲಿ ಅನ್ನುವುದರಷ್ಟೇ ಯಾವಾಗ ಅನ್ನುವುದೂ ಮುಖ್ಯ. ಕಳೆದ ಮಳೆಗಾಲದಲ್ಲಿ ಹಿನ್ನೀರಿನ ದಂಡೆಯಲ್ಲಿ ಒಬ್ಬ ಹಿರಿಯರು ನನಗೆ ಹೇಳಿದ್ದೂ ಅದನ್ನೇ: "ಈಗ ಬಂದ್ರೆ ಎಂತ ಕಾಣ್ತದೆ ಮಾರಾಯ್ರೆ, ಬೇಸಿಗೇಲಿ ಬನ್ನಿ."

ಈಗ ಪ್ರತಿ ಜಾಗದ ಪಕ್ಕದಲ್ಲೂ ಒಂದು ಸಣ್ಣ ವೃತ್ತ ಇದೆ, ಅದರಲ್ಲಿ ಹನ್ನೆರಡು ಮನೆ. ಹೋಗಬಹುದಾದ ತಿಂಗಳುಗಳಿಗೆ ಮಾತ್ರ ಹಸಿರು ಬಣ್ಣ. ದೂರವನ್ನು ಕಿಲೋಮೀಟರಿನಲ್ಲಿ ಬರೆಯುವುದನ್ನು ಬಿಟ್ಟು, ಬೇಕಾಗುವ ಸಮಯ ಬರೆಯುತ್ತಿದ್ದೇನೆ. ಘಟ್ಟದ ತಿರುವುಗಳಲ್ಲಿ ಕಿಲೋಮೀಟರ್ ನಂಬಿ ಹೊರಟರೆ ಕತ್ತಲಾಗುತ್ತದೆ.

ಹಿನ್ನೀರಿನ ಮೇಲೆ ಒಂದು ಹೊಸ ಗೆರೆಯೂ ಬಂತು. 2025ರ ಜುಲೈನಲ್ಲಿ ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವೆ ಸೇತುವೆ ಶುರುವಾಯಿತು. ಉದ್ದ ಸುಮಾರು ಎರಡೂವರೆ ಕಿಲೋಮೀಟರ್. ಅಲ್ಲಿಯವರೆಗೆ ಅಲ್ಲಿ ಜನ, ಕಾರು, ಬಸ್ಸು ಎಲ್ಲ ಲಾಂಚಿನಲ್ಲೇ ದಾಟುತ್ತಿದ್ದವು. ಲಾಂಚಿನ ದಾರಿಯನ್ನೂ ತೆಳು ನೀಲಿಯಲ್ಲಿ ಉಳಿಸಿಕೊಂಡಿದ್ದೇನೆ. ಅಷ್ಟು ವರ್ಷ ಆ ದಡದ ಜನರ ಬದುಕು ಅದರ ವೇಳಾಪಟ್ಟಿಯ ಮೇಲೆ ನಡೆದಿತ್ತು, ಅಳಿಸಲು ಮನಸ್ಸು ಬರಲಿಲ್ಲ.

ಆಗಸ್ಟ್

ಮಳೆ. ಗುಡ್ಡದ ಜಾಗಗಳಿಗೆ ಹೋಗುವ ಮಾತೇ ಇಲ್ಲ. ಕಲ್ಲು ಜಾರುತ್ತದೆ, ಇಂಬಳ ಬಿಡುವುದಿಲ್ಲ.

ಆದರೆ ಮಂಡಗದ್ದೆಗೆ ಇದೇ ಸರಿಯಾದ ಸಮಯ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ದಾರಿಯಲ್ಲಿ, ಸುಮಾರು ಮೂವತ್ತು ಕಿಲೋಮೀಟರ್ ಆದ ಮೇಲೆ, ತುಂಗೆಯ ನಡುವೆ ಒಂದು ಪುಟ್ಟ ನಡುಗಡ್ಡೆ. ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಮಳೆಗಾಲದಲ್ಲಿ ಅಲ್ಲಿ ಗೂಡು ಕಟ್ಟುತ್ತವೆ. ಸುತ್ತ ಕೆಂಪು ನೀರು ರಭಸದಿಂದ ಹರಿಯುತ್ತಿರುತ್ತದೆ, ನೀರಿಗೆ ಬಾಗಿದ ಕೊಂಬೆಗಳ ತುಂಬಾ ಗೂಡು. ಹೊಳೆ ಏರಿದಾಗ ಕೆಳಗಿನ ಕೊಂಬೆಗಳು ನೀರಿಗೆ ತಾಗುತ್ತವೆ. ಆದರೂ ಅವು ಬರುವುದು ಅದೇ ತಿಂಗಳುಗಳಲ್ಲಿ. ನಾಲ್ಕೂ ಕಡೆ ನೀರಿದ್ದರೆ ಗೂಡಿಗೆ ಕಾವಲು ಇದ್ದ ಹಾಗೆ ಅಲ್ವಾ? ದಡದಲ್ಲೇ ನಿಂತು ನೋಡಬಹುದು, ಬೈನಾಕ್ಯುಲರ್ ಇದ್ದರೆ ಇನ್ನೂ ಒಳ್ಳೆಯದು. ಬಸ್ಸಿನ ಕಿಟಕಿಯಿಂದ ಇದನ್ನು ಎಷ್ಟು ಸಾವಿರ ಜನ ದಾಟಿ ಹೋಗುತ್ತಾರೋ! ಜುಲೈಯಿಂದ ಅಕ್ಟೋಬರ್ ತನಕ ಹಸಿರು ತುಂಬಿದೆ.

ನವೆಂಬರ್

ಮಳೆ ಬಿಟ್ಟ ಕೂಡಲೇ ನಗರದ ಕಡೆ ಹೊರಟೆ. ಹೊಸನಗರ ತಾಲ್ಲೂಕಿನ ನಗರ, ಅಂದರೆ ಹಳೆಯ ಬಿದನೂರು. ಇಕ್ಕೇರಿಯ ನಂತರ ಕೆಳದಿ ನಾಯಕರ ರಾಜಧಾನಿ. 1763ರಲ್ಲಿ ಹೈದರಾಲಿ ಹಿಡಿದ ಕೋಟೆ ರಸ್ತೆಯ ಪಕ್ಕದಲ್ಲೇ ಇದೆ. ಅಲ್ಲಿಂದ ಸ್ವಲ್ಪ ದೂರದಲ್ಲಿರುವ ದೇವಗಂಗೆಗೆ ಮಾತ್ರ ಹೆಚ್ಚು ಜನ ಹೋಗುವುದಿಲ್ಲ. ಏಳು ಕೊಳಗಳು, ಒಂದೊಂದಕ್ಕೂ ಬೇರೆ ಆಕಾರ. ಗುಡ್ಡದಿಂದ ಬರುವ ನೀರು ಒಂದರಿಂದ ಇನ್ನೊಂದಕ್ಕೆ ಹರಿಯುತ್ತದೆ. ಪಂಪು ಇಲ್ಲ, ಯಂತ್ರ ಇಲ್ಲ, ನೆಲದ ಇಳಿಜಾರನ್ನು ಸರಿಯಾಗಿ ಓದಿಕೊಂಡು ಮಾಡಿದ ಕೆಲಸ. ಕೋಟೆಗಿಂತ ಇದೇ ದೊಡ್ಡದು ಅನ್ನುವುದು ನನ್ನ ಅಭಿಪ್ರಾಯ. ಯುದ್ಧ ಮಾಡಿದ ರಾಜರು ಬೇಕಾದಷ್ಟು ಜನ ಇದ್ದಾರೆ. ನೀರನ್ನು ಇಷ್ಟು ಚೆನ್ನಾಗಿ ನಡೆಸಿಕೊಂಡವರು ಕಡಿಮೆ.

ಕವಲೇದುರ್ಗದಲ್ಲೂ ಅದೇ ಬುದ್ಧಿ ಕಾಣುತ್ತದೆ. ಗದ್ದೆ ಬದಿಯಿಂದ ಶುರುವಾಗುವ ಕಲ್ಲು ಹಾಸಿನ ದಾರಿ ಒಂದಾದ ಮೇಲೊಂದು ಬಾಗಿಲು ದಾಟಿ ಮೇಲೆ ಹೋಗುತ್ತದೆ. ಅಷ್ಟು ಎತ್ತರದಲ್ಲೂ ಕೊಳಗಳಲ್ಲಿ ನೀರಿದೆ. ಅರಮನೆಯದು ಈಗ ಅಡಿಪಾಯ ಮಾತ್ರ, ಆದರೆ ಅಡುಗೆಮನೆಯ ಕಲ್ಲಿನ ಒಲೆ ಹಾಗೇ ಇದೆ. ಅಲ್ಲಿ ನಿಂತರೆ ರಾಜ್ಯ ಅನ್ನುವುದು ಕತ್ತಿ ಕುದುರೆ ಅಷ್ಟೇ ಅಲ್ಲ, ದಿನಾ ಅಷ್ಟು ಜನಕ್ಕೆ ಬೇಯಿಸಿ ಹಾಕುವುದೂ ಹೌದು ಅನ್ನುವುದು ಗೊತ್ತಾಗುತ್ತದೆ.

ಕೊಡಚಾದ್ರಿಯನ್ನು ನಕ್ಷೆಗೆ ಸೇರಿಸಬೇಕೋ ಬೇಡವೋ ಅಂತ ತುಂಬಾ ಯೋಚಿಸಿದೆ. 1,343 ಮೀಟರ್ ಎತ್ತರದ ಆ ಬೆಟ್ಟ ಯಾರಿಗೆ ಗೊತ್ತಿಲ್ಲ? ಆದರೆ ಜೀಪಿನಿಂದ ಇಳಿದವರೆಲ್ಲ ಸರ್ವಜ್ಞ ಪೀಠದ ಕಡೆ ಓಡುತ್ತಾರೆ. ಮೂಲ ಮೂಕಾಂಬಿಕೆ ದೇವಸ್ಥಾನದ ಎದುರಿನ ಎತ್ತರದ ಕಬ್ಬಿಣದ ಕಂಬವನ್ನು ನಿಂತು ನೋಡುವವರು ಕಡಿಮೆ. ಇಂಥ ಮಳೆಯ ನಾಡಿನಲ್ಲಿ, ಬಯಲಿನಲ್ಲಿ ನಿಂತ ಕಬ್ಬಿಣ! ಬೆಟ್ಟ ಬಿಟ್ಟು, ಕಂಬವನ್ನು ಮಾತ್ರ ಗುರುತಿಸಿದ್ದೇನೆ.

ಡಿಸೆಂಬರ್

ನಾನು ಕಾಯುತ್ತಿದ್ದದ್ದು ಈ ತಿಂಗಳಿಗಾಗಿ. ನಗರದ ಸುತ್ತಲಿನ ನಿಲಸ್ಕಲ್ ಮತ್ತು ಬೈಸೆಯಲ್ಲಿ ಮರಗಳ ನಡುವೆ ದೊಡ್ಡ ಕಲ್ಲುಗಳು ನಿಂತಿವೆ. ಶಾಸನ ಇಲ್ಲ, ಕೆತ್ತನೆ ಇಲ್ಲ. ಬೃಹತ್ ಶಿಲಾಯುಗದ ಜನ ಎಬ್ಬಿಸಿ ನಿಲ್ಲಿಸಿದ ಚಪ್ಪಟೆ ಬಂಡೆಗಳು. ಒಂದೆರಡು ಕಲ್ಲುಗಳ ಉದ್ದನೆಯ ಬದಿಗೆ ದಿಕ್ಸೂಚಿ ಹಿಡಿದು ನೋಡಿ, ಅದು ಉತ್ತರ ದಕ್ಷಿಣವಾಗಿ ಇರುತ್ತದೆ.

ಶ್ರೀಕುಮಾರ್ ಮೆನನ್ ಮತ್ತು ಟಾಟಾ ಇನ್‌ಸ್ಟಿಟ್ಯೂಟ್ ಆಫ್ ಫಂಡಮೆಂಟಲ್ ರಿಸರ್ಚ್‌ನ ಮಯಂಕ್ ವಾಹಿಯಾ ಇವುಗಳನ್ನು ಅಳೆದು ನೋಡಿದ್ದಾರೆ. ಕೆಲವು ಜೋಡಿ ಕಲ್ಲುಗಳನ್ನು ಸೇರಿಸುವ ಗೆರೆ, ವರ್ಷದ ಅತಿ ಉದ್ದದ ಮತ್ತು ಅತಿ ಚಿಕ್ಕ ಹಗಲಿನ ದಿನ ಸೂರ್ಯ ಹುಟ್ಟುವ, ಮುಳುಗುವ ದಿಕ್ಕಿಗೆ ಹೊಂದುತ್ತದೆ ಅನ್ನುವುದು ಅವರು ಕಂಡುಕೊಂಡ ವಿಷಯ.

ಈಗ ತಿಂಗಳ ವೃತ್ತಕ್ಕೆ ಬನ್ನಿ. ಅಂಥ ದಿನಗಳು ವರ್ಷಕ್ಕೆ ಎರಡು, ಜೂನ್ 21ರ ಹೊತ್ತಿಗೆ ಒಂದು, ಡಿಸೆಂಬರ್ 21ರ ಹೊತ್ತಿಗೆ ಇನ್ನೊಂದು. ಜೂನ್‌ನಲ್ಲಿ ಹೊಸನಗರದ ಕಡೆ ಸೂರ್ಯ ಎಲ್ಲಿ ಕಾಣಬೇಕು? ಮುಂಗಾರು ಆಗಲೇ ಹಿಡಿದಿರುತ್ತದೆ. ಹಾಗಾಗಿ ನಮಗೆ ಉಳಿಯುವುದು ಡಿಸೆಂಬರ್. ಆಗ ಈ ಭಾಗದಲ್ಲಿ ಸೂರ್ಯ ನೇರ ಪೂರ್ವಕ್ಕಿಂತ ಸುಮಾರು 24 ಡಿಗ್ರಿ ದಕ್ಷಿಣಕ್ಕೆ ಹುಟ್ಟುತ್ತಾನೆ. ಆ ಕೋನವನ್ನು ನಕ್ಷೆಯ ಮೂಲೆಯಲ್ಲಿ ಕೆಂಪು ಬಾಣದಲ್ಲಿ ಬರೆದಿದ್ದೇನೆ. ಬೆಳಗ್ಗೆ ಮಂಜು ಜಾಸ್ತಿ, ಮರಗಳೂ ಅಡ್ಡ ಬರುತ್ತವೆ. ಸಂಜೆ ಹೋದರೆ ಕಾಣುವ ಸಾಧ್ಯತೆ ಹೆಚ್ಚು. ಒಂದೆರಡು ದಿನ ಹಿಂದೆ ಮುಂದೆ ಆದರೂ ಸೂರ್ಯನ ಜಾಗ ಕಣ್ಣಿಗೆ ಗೊತ್ತಾಗುವಷ್ಟು ಬದಲಾಗುವುದಿಲ್ಲ, ಗಡಿಬಿಡಿ ಬೇಡ.

ಕಲ್ಲುಗಳ ಮೇಲೆ ಹತ್ತಬೇಡಿ, ಹೆಸರು ಗೀಚಬೇಡಿ. ಕೆಲವು ಆಗಲೇ ಬಿದ್ದಿವೆ, ಕೆಲವು ಮುರಿದಿವೆ. ಒಂದು ಕಲ್ಲು ಜಾಗ ಬಿಟ್ಟರೂ ಆ ಗೆರೆ ಶಾಶ್ವತವಾಗಿ ಹೋದಂತೆ.

ಇನ್ನೂ ಬಾಕಿ ಇರುವುದು: ಶರಾವತಿ ಹುಟ್ಟುವ ಅಂಬುತೀರ್ಥ, ಹುಂಚದ ಪಂಚಕೂಟ ಬಸದಿ, ಕೆಳದಿ ದೇವಸ್ಥಾನದ ಚಾವಣಿಯಲ್ಲಿರುವ ಗಂಡಭೇರುಂಡ. ಕೆಳದಿಯದಕ್ಕೆ ಹನ್ನೆರಡು ಮನೆಯೂ ಹಸಿರು, ಒಳಗಿನ ಕೆಲಸ. ಮೂರನ್ನೂ ಬೇಸಿಗೆಯೊಳಗೆ ಶಾಯಿಗೆ ತಂದು, ಆಮೇಲೆ ಬಣ್ಣ ತುಂಬಲು ಕೂರುತ್ತೇನೆ.