ಮಂಗಳನ ಕಲ್ಲು, ವಾಷಿಂಗ್ಟನ್ನಿನ ಲೆಕ್ಕ

11 ಸೆಪ್ಟೆಂಬರ್ 2025, ಗುರುವಾರ

ನಿನ್ನೆ ರಾತ್ರಿ ನಾಸಾದವರ ಪತ್ರಿಕಾಗೋಷ್ಠಿ ನೋಡುತ್ತಾ ಕೂತೆ, ಊಟ ತಡವಾಯಿತು. ಪರ್ಸಿವಿಯರೆನ್ಸ್ ರೋವರ್ ಕಳೆದ ವರ್ಷ ಜುಲೈನಲ್ಲಿ ಮಂಗಳನಲ್ಲಿ ಕೊರೆದ ಒಂದು ಕಲ್ಲಿನಲ್ಲಿ ಹಳೇ ಕಾಲದ ಜೀವಿಗಳ ಗುರುತು ಇರಬಹುದಂತೆ. ಮಂಗಳನಲ್ಲಿ ಜೀವ ಹುಡುಕುವ ಕೆಲಸದಲ್ಲಿ ಇಷ್ಟು ಹತ್ತಿರ ಹಿಂದೆಂದೂ ಬಂದಿರಲಿಲ್ಲ ಅಂದರು ನಾಸಾದ ಹಂಗಾಮಿ ಮುಖ್ಯಸ್ಥ ಶಾನ್ ಡಫಿ. (ಇವರು ಅಲ್ಲಿನ ಸಾರಿಗೆ ಮಂತ್ರಿಯೂ ಹೌದು. ಬಾಹ್ಯಾಕಾಶ ಅವರಿಗೆ ಎರಡನೇ ಖಾತೆ.)

ಆ ಕಲ್ಲಿಗೆ ಚೆಯಾವಾ ಫಾಲ್ಸ್ ಅಂತ ಹೆಸರಿಟ್ಟಿದ್ದಾರೆ. ಒಂದು ಕಾಲದಲ್ಲಿ ನೀರು ಹರಿಯುತ್ತಿದ್ದ ಕಣಿವೆಯಲ್ಲಿದೆ. ಮೈಮೇಲೆಲ್ಲ ಚಿರತೆಯ ಚುಕ್ಕೆ. ಆ ಚುಕ್ಕೆಗಳಲ್ಲಿ ವಿವಿಯನೈಟ್, ಗ್ರೀಗೈಟ್ ಅನ್ನುವ ಕಬ್ಬಿಣದ ಖನಿಜಗಳಿರುವ ಹಾಗೆ ಕಾಣುತ್ತದೆ. ಭೂಮಿಯ ಮೇಲೆ ಇವು ಸೂಕ್ಷ್ಮಜೀವಿಗಳ ಕೆಲಸದಿಂದ ಆಗುವುದುಂಟು. ಜೀವಿಗಳಿಲ್ಲದೆಯೂ ಆಗಬಹುದು, ಆದರೆ ಅದಕ್ಕೆ ಸಾಮಾನ್ಯವಾಗಿ ಜಾಸ್ತಿ ಶಾಖ ಬೇಕು. ಈ ಕಲ್ಲು ಅಂಥ ಶಾಖ ಕಂಡ ಲಕ್ಷಣವಿಲ್ಲ. ಒಂದು ವರ್ಷ ಬೇರೆ ವಿಜ್ಞಾನಿಗಳ ಪರೀಕ್ಷೆಗೆ ಒಡ್ಡಿಕೊಂಡು, ಈಗ ನೇಚರ್ ಪತ್ರಿಕೆಯಲ್ಲಿ ಬರೆದಿದ್ದಾರೆ.

ಹೌದೋ ಅಲ್ಲವೋ ಅಂತ ಗೊತ್ತಾಗಬೇಕಾದರೆ ಭೂಮಿಯ ಲ್ಯಾಬುಗಳಲ್ಲೇ ನೋಡಬೇಕು. ಕೊರೆದು ತೆಗೆದ ತುಂಡು ರೋವರ್ ಹೊಟ್ಟೆಯಲ್ಲಿ, ಮುಚ್ಚಳ ಹಾಕಿದ ಕೊಳವೆಯೊಳಗೆ ಭದ್ರವಾಗಿದೆ. ತರುವುದಕ್ಕೆ ದುಡ್ಡಿಲ್ಲ, ಅಷ್ಟೇ. ತರುವ ಯೋಜನೆಯನ್ನೇ ರದ್ದು ಮಾಡಲು ಟ್ರಂಪ್ ಸರ್ಕಾರ ಹೊರಟಿದೆ.

ಬೆಳಿಗ್ಗೆ ಭಾವ ಫೋನ್ ಮಾಡಿದ್ದರು. ಅವರೂ ಸುದ್ದಿ ನೋಡಿದ್ದರು. "ಅಲ್ಲಮ್ಮ, ಒಂದು ಕಲ್ಲು ತರೋದಕ್ಕೆ ಎಷ್ಟಾಗುತ್ತೆ?" ಅಂದರು. 1,100 ಕೋಟಿ ಡಾಲರ್‌ವರೆಗೂ ಆಗಬಹುದು ಅಂತ ನಾಸಾನೇ ಕಳೆದ ವರ್ಷ ಒಪ್ಪಿಕೊಂಡಿತ್ತು ಅಂದೆ. ಅದೂ 2040ಕ್ಕೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ನಮ್ಮ ಬಾಹ್ಯಾಕಾಶ ಇಲಾಖೆಯ ಈ ವರ್ಷದ ಬಜೆಟ್ಟೇ ಸುಮಾರು 13,416 ಕೋಟಿ ರೂಪಾಯಿ. ಅಂಥ ಏಳು ಬಜೆಟ್ ಒಂದೇ ಯೋಜನೆಗೆ!

ಹಾಗಾಗಿ ತಪ್ಪೆಲ್ಲ ಟ್ರಂಪ್ ಸರ್ಕಾರದ್ದು ಅನ್ನಲಾರೆ. ಲೆಕ್ಕ ಕೈಮೀರಿದ್ದು ಅದಕ್ಕೆ ಮೊದಲೇ. 2023ರಲ್ಲೇ ಹೊರಗಿನ ಪರಿಶೀಲನಾ ಸಮಿತಿ ಇಷ್ಟು ದುಡ್ಡಿಗೆ, ಇಷ್ಟು ಸಮಯಕ್ಕೆ ಇದು ಆಗುವ ಮಾತಲ್ಲ ಅಂದಿತ್ತು. ಆಮೇಲೆ ಖಾಸಗಿ ಕಂಪನಿ ರಾಕೆಟ್ ಲ್ಯಾಬ್ 400 ಕೋಟಿ ಡಾಲರ್‌ ಒಳಗೆ ತರುತ್ತೇನೆ ಅಂತು, ಲಾಕ್‌ಹೀಡ್ ಮಾರ್ಟಿನ್ 300 ಕೋಟಿಯ ಒಳಗೆ ಅಂತು. ಟೆಂಡರಿಗೆ ಮುಂಚೆ ಎಲ್ಲರೂ ಹೇಳುವ ರೇಟು ಇದು, ಪೂರ್ತಿ ನಂಬುವ ಹಾಗಿಲ್ಲ. ಆದರೂ ಕೂತು ಮಾತಾಡಬಹುದಿತ್ತು, ಅಲ್ವಾ? ಮೇ ತಿಂಗಳಲ್ಲೇ ಬಂದಿದ್ದ ಟ್ರಂಪ್ ಸರ್ಕಾರದ ಬಜೆಟ್ ಪ್ರಸ್ತಾವ ಯೋಜನೆಯನ್ನೇ ರದ್ದು ಮಾಡಿ ಅಂದಿತ್ತು.

ನನಗೆ ಸಿಟ್ಟು ಬಂದಿದ್ದು ಅದೇ ಪ್ರಸ್ತಾವದ ಉಳಿದ ಭಾಗಕ್ಕೆ. ನಾಸಾದ 2,480 ಕೋಟಿ ಡಾಲರ್ 1,880 ಕೋಟಿಗೆ ಇಳಿಯಬೇಕಂತೆ. ವಿಜ್ಞಾನದ ಪಾಲಿಗೆ ಹತ್ತಿರ ಹತ್ತಿರ ಅರ್ಧ ಕಡಿತ. ಚೆನ್ನಾಗಿ ಕೆಲಸ ಮಾಡುತ್ತಿರುವ ನೌಕೆಗಳನ್ನೇ ಆಫ್ ಮಾಡುವ ಪಟ್ಟಿ ಇದೆ. ಪ್ಲೂಟೋ ದಾಟಿ ಹೋದ ನ್ಯೂ ಹೊರೈಜನ್ಸ್, ಗುರುವನ್ನು ಸುತ್ತುತ್ತಿರುವ ಜುನೋ, ಮಂಗಳನ ಸುತ್ತ ಇರುವ ಮೇವನ್, ಒಡಿಸ್ಸಿ. ಕೊನೆಯ ಎರಡೂ ಸುಮ್ನೆ ಸುತ್ತುತ್ತಿಲ್ಲ, ರೋವರ್‌ಗಳ ಮಾಹಿತಿಯನ್ನು ಭೂಮಿಗೆ ದಾಟಿಸುತ್ತವೆ. ನಾನು ಲೆಕ್ಕಪತ್ರದ ಕೆಲಸದವಳು. ಕಟ್ಟಿ, ಹಾರಿಸಿ, ಅಲ್ಲಿಗೆ ತಲುಪಿಸುವ ದೊಡ್ಡ ಖರ್ಚು ಮುಗಿದಿದೆ. ಇನ್ನು ಉಳಿದಿರುವುದು ನಡೆಸುವ ಖರ್ಚು. ಮನೆ ಕಟ್ಟಿ ಮುಗಿಸಿ, ಕರೆಂಟ್ ಬಿಲ್ ಜಾಸ್ತಿ ಅಂತ ಬೀಗ ಹಾಕುವುದನ್ನು ಯಾವ ಆಡಿಟರ್ ಉಳಿತಾಯ ಅನ್ನುತ್ತಾನೆ?

ಜನರೂ ಹೋಗುತ್ತಿದ್ದಾರೆ. ಸ್ವಇಚ್ಛೆಯಿಂದ ಬಿಡುವ ಯೋಜನೆಯಲ್ಲಿ ಹತ್ತಿರ ಹತ್ತಿರ 4,000 ಮಂದಿ ನಾಸಾ ಬಿಡುತ್ತಿದ್ದಾರೆ. ಕ್ಯಾಲಿಫೋರ್ನಿಯಾದಲ್ಲಿರುವ ನಾಸಾದ ಪ್ರಯೋಗಾಲಯ ಜೆಪಿಎಲ್ ಕಳೆದ ವರ್ಷವೇ ಫೆಬ್ರವರಿಯಲ್ಲಿ ಸುಮಾರು 530, ನವೆಂಬರ್‌ನಲ್ಲಿ 325 ಜನರನ್ನು ಕೆಲಸದಿಂದ ತೆಗೆದಿತ್ತು. ಜುಲೈ 30ಕ್ಕೆ ಶ್ರೀಹರಿಕೋಟಾದಿಂದ ಹಾರಿದ, ನಾಸಾ-ಇಸ್ರೋ ಸೇರಿ ಮಾಡಿದ ನಿಸಾರ್ ಉಪಗ್ರಹದ ಒಂದು ರೇಡಾರ್ ಮಾಡಿದವರೂ ಇದೇ ಜೆಪಿಎಲ್‌ನವರು. ಅದು 2023ರಲ್ಲಿ ವಿಮಾನದಲ್ಲಿ ಬೆಂಗಳೂರಿಗೆ ಬಂದು, ಇಲ್ಲೇ ಉಪಗ್ರಹಕ್ಕೆ ಜೋಡಣೆಯಾಗಿತ್ತು. ಮುಂದೆ ಇಂಥ ಜೋಡಿ ಕೆಲಸಕ್ಕೆ ಇಸ್ರೋ ಕೈಚಾಚಿದರೆ, ಆ ಕಡೆ ಅನುಭವ ಇದ್ದವರು ಎಷ್ಟು ಮಂದಿ ಉಳಿದಿರುತ್ತಾರೋ.

"ಚೀನಾದವರು ತರ್ತಾರೆ ಬಿಡು" ಅಂದರು ಭಾವ. ತರಬಹುದು. ಅವರ ತಿಯಾನ್‌ವೆನ್-3 2028ಕ್ಕೆ ಹೊರಟು 2031ರ ಹೊತ್ತಿಗೆ ಮಾದರಿ ತರುವ ಲೆಕ್ಕದಲ್ಲಿದೆ. ಯಾರು ತಂದರೂ ನನಗೆ ಖುಷಿಯೇ. ಆದರೆ ಅದು ಇಳಿದ ಜಾಗದ ಆಸುಪಾಸಿನ ಮಣ್ಣು ತರುತ್ತದೆ. ಮೂರು ವರ್ಷಕ್ಕೂ ಹೆಚ್ಚು ಅಲೆದು, ಆರಿಸಿ, ಕೊರೆದ ಈ ಚುಕ್ಕೆ ಕಲ್ಲು ಮಾತ್ರ ರೋವರ್ ಇಳಿದ ಜೆಜೆರೋ ಕುಳಿಯ ಕಡೆಯೇ ಉಳಿಯುತ್ತದೆ.

ಅಮೆರಿಕದ ಸಂಸತ್ತಿನ ಎರಡೂ ಸದನಗಳ ಸಮಿತಿಗಳು ನಾಸಾದ ಒಟ್ಟು ಹಣಕ್ಕೆ ಇಷ್ಟು ದೊಡ್ಡ ಕತ್ತರಿ ಬೇಡ ಅಂದಿವೆ. ಕೆಳಮನೆಯ ಕರಡಿನಲ್ಲಿ ಕಲ್ಲು ತರುವ ಯೋಜನೆಗೆ 30 ಕೋಟಿ ಡಾಲರ್ ಕೂಡ ಇದೆ. ಅವರ ಹಣಕಾಸು ವರ್ಷ ಅಕ್ಟೋಬರ್ 1ಕ್ಕೆ ಶುರು. ಅಷ್ಟರಲ್ಲಿ ಒಪ್ಪಂದಕ್ಕೆ ಬರುತ್ತಾರೆ ಅನ್ನುವ ನಂಬಿಕೆ ನನಗಂತೂ ಇಲ್ಲ.